ಹಕ್ಕಿಗದ್ದೆಯ ತೆನೆ

ಶನಿವಾರ ಮಧ್ಯಾಹ್ನ ಕಾರವಾರದ ಕಚೇರಿಯಿಂದ ಹೊರಬಿದ್ದು ಅಂಕೋಲೆಯ ಬಸ್ಸು ಹತ್ತಿದರೆ ಬಿಣಗಾ ದಾಟುವಷ್ಟರಲ್ಲಿ ನನಗೆ ತೂಕಡಿಕೆ ಶುರುವಾಗುತ್ತಿತ್ತು. ಅದು ಅದಿರಿನ ಲಾರಿಗಳ ಕಾಲ. ಲಾರಿಯ ಹಿಂದೆ ಲಾರಿ, ಅವುಗಳ ಹಿಂದೆ ನಮ್ಮ ಬಸ್ಸು. ಬಾಳೆಗುಳಿಯಲ್ಲಿ ಇಳಿಯುವಾಗ ಅಂಗಿಯ ಕಾಲರಿಗೆಲ್ಲ ಕೆಂಪು ಧೂಳು. ಅಲ್ಲಿಂದ ಟೆಂಪೊ ಹಿಡಿದು ಊರು ಸೇರಿದರೆ, ಕೊಟ್ಟ ಚಾ ಕುಡಿದು ಮುಗಿಯುವ ಮೊದಲೇ ಅಕ್ಕ ಗದ್ದೆಯ ಸುದ್ದಿ ತೆಗೆಯುತ್ತಿದ್ದಳು. ಇತ್ತ ಕಾರವಾರದ ಮಗ್ಗುಲಿನ ಶಿರವಾಡದ ಬಾಡಿಗೆ ಮನೆಯಲ್ಲಿ ನನ್ನ ಮಕ್ಕಳು, ಭಾನುವಾರವೆಂದರೆ ಅಪ್ಪ ಮನೆಯಲ್ಲಿಲ್ಲದ ದಿನ ಎಂದು ತಿಳಿದುಬಿಟ್ಟಿದ್ದರು.

ನಮ್ಮದು ಗಜನಿ ಗದ್ದೆ. ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗು ನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಕಗ್ಗ ಒಂದಿಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ ಕೇಳುವುದಿಲ್ಲ, ಮಾಡುವವರ ಸೊಂಟವನ್ನು ಮಾತ್ರ ಕೇಳುತ್ತದೆ. ಭಾವ ತೀರಿಕೊಂಡ ಮೇಲೆ ತವರಿಗೆ ಮರಳಿದ ಅಕ್ಕ ಆ ಗದ್ದೆಯನ್ನೇ ಹಿಡಿದು ಕೂತಳು. ಸುತ್ತಲಿನವರು ಒಬ್ಬೊಬ್ಬರಾಗಿ ತಮ್ಮ ಪಾಲಿನ ನೆಲವನ್ನು ಸಿಗಡಿ ಸಾಕುವ ಗುತ್ತಿಗೆದಾರನಿಗೆ ಕೊಟ್ಟು ಕೈತೊಳೆದುಕೊಂಡರು. ಉಳಿದದ್ದು ನಾವು ಮತ್ತು ಇನ್ನು ಮೂರು ಮನೆಯವರು. ಗುತ್ತಿಗೆದಾರ ನಮ್ಮಲ್ಲಿಗೂ ಬಂದಿದ್ದ. ಮನೆಯಲ್ಲಿ ಬೀಜದ ಭತ್ತ ಇರುವ ತನಕ ಕೇಳಲು ಬರಬೇಡ ಎಂದು ಅಕ್ಕ ಅವನನ್ನು ಕಳಿಸಿದ್ದಳು. ಕಗ್ಗದ ಬೀಜ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಮ್ಮೆ ಹೋದರೆ ಹೋಯಿತು.

ನಮ್ಮ ಗಜನಿಯ ಮೇಲ್ತುದಿಯಲ್ಲಿ, ಊರಿನ ಕೆರೆಯ ಕೋಡಿ ಬಂದು ಸೇರುವಲ್ಲಿ ಒಂದು ಗದ್ದೆ ಯಾರ ಪಾಲಿಗೂ ಸೇರಿರಲಿಲ್ಲ. ಅದು ಹಕ್ಕಿಗದ್ದೆ. ಎಲ್ಲರೂ ತಮ್ಮ ಮನೆಯ ಬೀಜದಲ್ಲಿ ಒಂದು ಪಾಲು ತಂದು ಮೊದಲು ಅಲ್ಲಿ ಬಿತ್ತಬೇಕು, ಆಮೇಲೆ ತಮ್ಮ ಗದ್ದೆಗೆ. ಅಲ್ಲಿ ಹಕ್ಕಿ ಬಂದರೆ ಚಪ್ಪಾಳೆ ತಟ್ಟುವಂತಿಲ್ಲ, ಡಬ್ಬಿ ಬಡಿಯುವಂತಿಲ್ಲ. ಅವು ಉಣ್ಣುವ ಮೊದಲು ಒಂದು ತೆನೆಯನ್ನೂ ಕೊಯ್ಯುವಂತಿಲ್ಲ. ಹೊಟ್ಟೆ ತುಂಬಿದ ಹಕ್ಕಿ ಪಕ್ಕದ ಗದ್ದೆಗೆ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಬರುತ್ತಿದ್ದವು, ಅದು ಬೇರೆ ಮಾತು.

ನಾನು ಚಿಕ್ಕವನಿದ್ದಾಗ ಆ ಕೆರೆಯಲ್ಲಿ ತಾವರೆ ಎಲೆಗಳ ಮೇಲೆ ಉದ್ದ ಬಾಲದ ದೇವನಕ್ಕಿ ನಡೆದಾಡುತ್ತಿತ್ತು. ಸಿಳ್ಳೆ ಬಾತುಗಳು ಸಂಜೆ ಗುಂಪಾಗಿ ಬಂದಿಳಿಯುತ್ತಿದ್ದವು. ಭತ್ತಕ್ಕೆ ನಿಜವಾದ ನೆಂಟರೆಂದರೆ ನೀಲಿ ಕೋಳಿಗಳು. ಊರಕೋಳಿಯಷ್ಟೇ ಗಾತ್ರ, ನೀಲಿ ಮೈ, ಹಣೆ, ಕೊಕ್ಕು, ಕಾಲೆಲ್ಲ ಕೆಂಪು. ಉದ್ದ ಬೆರಳುಗಳಲ್ಲಿ ತೆನೆಯನ್ನು ಹಿಡಿದೆತ್ತಿ, ನಾವು ಕಬ್ಬು ತಿನ್ನುವ ಹಾಗೆ ತಿನ್ನುತ್ತಿದ್ದವು. ನಾನು ಹೇಳುತ್ತಿರುವ ವರ್ಷದ ಹೊತ್ತಿಗೆ ಇವೆಲ್ಲ ಅಪರೂಪವಾಗಿದ್ದವು. ಕೆರೆಯ ಜೊಂಡು ಬಳಿದು ತೆಗೆದಿದ್ದರು, ಸಿಗಡಿಯ ಹೊಂಡಗಳ ಕಡೆ ಹಕ್ಕಿ ಓಡಿಸಲು ಹಗಲಿಡೀ ಪಟಾಕಿ ಹೊಡೆಯುತ್ತಿದ್ದರು. ಎರಡು ವರ್ಷ ಹಕ್ಕಿಗದ್ದೆಯ ಭತ್ತ ಉಣ್ಣುವವರಿಲ್ಲದೆ ಉದುರಿ ಹೋಗಿತ್ತು. ಆದರೂ ಅಕ್ಕ ಬಿತ್ತುವುದನ್ನು ಬಿಡಲಿಲ್ಲ. ನನಗೆ ರೇಗುತ್ತಿತ್ತು. ಬಾರದ ನೆಂಟರಿಗೆ ಎಲೆ ಹಾಕಿ ಕಾಯುವುದಕ್ಕೂ ಒಂದು ಮಿತಿ ಇರಬೇಕು.

ಆ ವರ್ಷ ತೆನೆ ಹೊರಡುವ ಹೊತ್ತಿಗೆ ಕಟ್ಟೆ ಒಡೆಯಿತು. ಉಪ್ಪುನೀರು ನುಗ್ಗಿ ದಿನಗಟ್ಟಲೆ ನಿಂತಿತು. ಕಗ್ಗ ಕೂಡ ಅಷ್ಟನ್ನು ತಡೆಯಲಿಲ್ಲ. ನಾಲ್ಕೂ ಮನೆಯವರ ಗದ್ದೆ ಕೊಳೆತು ಕಪ್ಪಾಯಿತು. ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನು ಬೀಜವಿಲ್ಲ, ಗದ್ದೆ ಗುತ್ತಿಗೆಗೆ ಹೋಗುತ್ತದೆ, ನನ್ನ ಭಾನುವಾರಗಳು ನನಗೆ ಮರಳುತ್ತವೆ. ನನ್ನ ಆಯಾಸ ಅಷ್ಟು ಹಳೆಯದಾಗಿತ್ತು.

ಆದರೆ ಮೇಲ್ತುದಿಯ ಹಕ್ಕಿಗದ್ದೆಗೆ ಕೆರೆಯ ಸಿಹಿನೀರಿನ ಆಸರೆಯಿತ್ತು. ಅದೊಂದೇ ಹಸಿರಾಗಿ ನಿಂತು, ತೆನೆ ತುಂಬಿ ಬಾಗಿತು. ಬೀಜಕ್ಕೆಂದು ಉಳಿದದ್ದು ಅದೇ. ನಾಲ್ಕು ಮನೆಯವರು ಕೂತು ಮಾತಾಡಿದರು. ಹಕ್ಕಿಗಳ ಪಾಲಿಗೆ ಕೈ ಹಾಕುವುದು ಯಾರಿಗೂ ಇಷ್ಟವಿರಲಿಲ್ಲ. ಕೊನೆಗೆ ದೀಪಾವಳಿಯ ತನಕ ಕಾಯುವುದು, ಆಗಲೂ ಹಕ್ಕಿ ಬಾರದಿದ್ದರೆ ಕೊಯ್ದು ಬೀಜ ಹಂಚಿಕೊಳ್ಳುವುದು ಎಂದು ಅಕ್ಕನೇ ತೀರ್ಮಾನ ಹೇಳಿದಳು. ನಾನು ತಲೆಯಾಡಿಸಿದೆ. ಹಕ್ಕಿಗಳು ಬರಲಿ, ಒಂದು ಕಾಳೂ ಬಿಡದೆ ತಿಂದು ಹೋಗಲಿ ಎಂದು ಒಳಗೊಳಗೇ ಹರಕೆ ಹೊತ್ತೆ.

ದೀಪಾವಳಿಗೆ ಮೊದಲಿನ ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಹೋಗುತ್ತಿದ್ದೆ. ಹಕ್ಕಿಗದ್ದೆಯ ಆಚೆ ಬದಿಯಲ್ಲಿ ಭತ್ತ ಅಲುಗಿತು. ಕೆಂಪು ಹಣೆಯೊಂದು ಮೇಲೆದ್ದಿತು, ಹಿಂದೆ ಇನ್ನೊಂದು. ನೋಡನೋಡುತ್ತ ಆರೇಳು ನೀಲಿ ಕೋಳಿಗಳು. ಎಷ್ಟು ವರ್ಷಗಳ ಮೇಲೆ! ಒಂದು ಕೋಳಿ ತೆನೆಯನ್ನು ಕಾಲಲ್ಲಿ ಎತ್ತಿ ಹಿಡಿದು, ಅವಸರವೇ ಇಲ್ಲದವರ ಹಾಗೆ ತಿನ್ನತೊಡಗಿತು. ನಾನು ಹಾಗೇ ನಿಂತುಬಿಟ್ಟೆ.

ಅಕ್ಕ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಹುಲ್ಲಿಗೆ ಹೊರಟಿದ್ದಳು, ಕೈಯಲ್ಲಿ ಕತ್ತಿ, ಸೊಂಟದ ಮೇಲೆ ಬುಟ್ಟಿ. ಬಹಳ ಹೊತ್ತು ಹಕ್ಕಿಗಳನ್ನೇ ನೋಡಿದಳು. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಸೀರೆ ಎತ್ತಿ ಕಟ್ಟಿ, ಈಚೆ ಬದಿಯಿಂದ ಗದ್ದೆಗೆ ಇಳಿದು ಮೊದಲ ತೆನೆ ಕೊಯ್ದು ಬುಟ್ಟಿಗೆ ಹಾಕಿದಳು. ದೀಪಾವಳಿ ಇನ್ನೂ ಆಗಲಿಲ್ಲವಲ್ಲ ಎಂದು ನಾನು ಮೆಲ್ಲಗೆ ನೆನಪಿಸಿದೆ.

“ಬರ್ಲಿಲ್ಲ ಅಂದ್ರೆ ಕಾಯುದು ತಮಾ. ಬಂದಾಯ್ತಲ, ಇನ್ನ ಯಾರಿಗೆ ಕಾಯುದು?” ಎಂದಳು. “ಅವು ಆ ಬದಿಂದ ಉಣ್ಲಿ. ನಾವು ಈ ಬದಿಂದ ಕೊಯ್ವ.”

ಹತ್ತಿರದ ಹಕ್ಕಿಯೊಂದು ತಲೆ ಎತ್ತಿ ಅವಳನ್ನು ನೋಡಿತು. ಕಾಲಲ್ಲಿದ್ದ ತೆನೆಯನ್ನು ಬಿಡದೆ ಮತ್ತೆ ತಿನ್ನತೊಡಗಿತು.

ಮುಂದಿನ ಮಳೆಗಾಲದ ಅಷ್ಟೂ ಭಾನುವಾರಗಳು ಹೋದವು ಎಂದು ನನಗೆ ಆಗಲೇ ಗೊತ್ತಾಯಿತು. ನಿನ್ನೆ ಬಸ್ಸಿನಲ್ಲಿ ತೂಕಡಿಸಿದ ಕುತ್ತಿಗೆ ಇನ್ನೂ ನೋಯುತ್ತಿತ್ತು. ಪ್ಯಾಂಟು ಮಡಚಿ ಕೆಸರಿಗೆ ಕಾಲಿಟ್ಟೆ, ಹಕ್ಕಿಗಳು ಎಲ್ಲಿ ಹೆದರಿ ಎದ್ದುಬಿಡುತ್ತವೋ ಎಂದು ಬಹಳ ನಿಧಾನವಾಗಿ.