ಶಾಲೆಯ ಓಣಿಯ ಮೋಟುಗೋಡೆ

1931ನೆಯ ಇಸವಿ, ನನಗಾಗ ಇಪ್ಪತ್ತೇಳು ವರ್ಷ. ಮಡಿಕೇರಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಪೇಟೆಯಿಂದ ಶಾಲೆಯ ಗೇಟಿಗೆ ಏರುವ ಓಣಿಯಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆಯಿತ್ತು. ಓದನ್ನು ಬಿಟ್ಟು ಕೆಲಸವನ್ನೂ ಹಿಡಿಯದ ಮೂವರು ಯುವಕರು ಅದರ ಮೇಲೆ ಕುಳಿತು, ದಾರಿಗೆ ಅಡ್ಡಲಾಗಿ ಕಾಲು ಚಾಚಿ, ಹೋಗಿಬರುವ ಹೆಣ್ಣುಮಕ್ಕಳನ್ನು ಕಾಡುತ್ತಿದ್ದರು.

ನನ್ನ ತರಗತಿಯಲ್ಲಿದ್ದವಳು ಒಬ್ಬಳೇ ಹುಡುಗಿ. ಜೂನ್ ತಿಂಗಳಲ್ಲಿ ಒಂದು ದಿನ ಆ ಮೂವರಲ್ಲೊಬ್ಬ ಅವಳ ಕೊಡೆಯನ್ನು ಕಿತ್ತುಕೊಂಡು ಚರಂಡಿಗೆ ಎಸೆದ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವಳ ತಂದೆ ಮರುದಿನವೇ ಬಂದು, "ಮಗಳನ್ನು ಬಿಡಿಸುತ್ತೇನೆ ಮಾಸ್ಟ್ರೇ. ಓದಿಗಿಂತ ಮಾನ ದೊಡ್ಡದು" ಎಂದರು. ಸ್ವಲ್ಪ ಕಾಲಾವಕಾಶ ಕೇಳಿಕೊಂಡೆ. ಗೇಟಿನ ಹೊರಗಿನದು ತಮಗೆ ಸೇರಿದ್ದಲ್ಲವೆಂದರು ಹೆಡ್‌ಮಾಸ್ಟರು. ಗೋಡೆಯ ಮೇಲೆ ಕೂರುವುದು ಅಪರಾಧವಲ್ಲವೆಂದರು ಪೊಲೀಸಿನವರು. ಎರಡೂ ಉತ್ತರಗಳಲ್ಲಿ ತಪ್ಪು ಹುಡುಕಲಾಗಲಿಲ್ಲ. ಹುಡುಗಿಗೆ ಮಾತ್ರ ದಾರಿಯಿರಲಿಲ್ಲ.

ಆ ವಾರವೇ ಅವಳ ಅಜ್ಜಿ ಅವಳೊಡನೆ ಬಂದು ಗೋಡೆಯ ಎದುರು ನಿಂತರು. ಎಪ್ಪತ್ತು ದಾಟಿದವರು, ತಲೆಗೆ ವಸ್ತ್ರ ಕಟ್ಟಿ, ಕೋಲೂರಿದ್ದರು. ನಾನು ಗೇಟಿನ ಬಳಿಯಿದ್ದೆ.

"ಏನಜ್ಜಿ, ನೀವೂ ಹೈಸ್ಕೂಲು ಸೇರಿದಿರಾ?" ಎಂದು ಒಬ್ಬ ನಕ್ಕ.

"ಸೇರಿದೆ ಮೋನೇ," ಎಂದರು ಅಜ್ಜಿ, ಮಗನನ್ನು ಕರೆಯುವಂತೆ. "ನಿನ್ನದು ಯಾವ ಮನೆ?"

ಪಕ್ಕದವನು ತಮಾಷೆಗೆ ಅವನ ಮನೆತನದ ಹೆಸರು ಹೇಳಿಬಿಟ್ಟ.

"ಓಹೋ! ನಿನ್ನಪ್ಪನ ಮದುವೆಯಲ್ಲಿ ಅಕ್ಕಿ ಹಾಕಿ ಹರಸಿದವಳು ನಾನು. ನಾನು ನಿಂತಿದ್ದೇನೆ, ನೀನು ಕೂತಿದ್ದೀಯ. ನಿಮ್ಮ ಮನೆಯಲ್ಲಿ ಈಗ ಹೀಗೆಯೋ?"

ಹಿರಿಯರು ನಿಂತಿರುವಾಗ ಕೂರಬಾರದು, ಎದುರಾದರೆ ಬಾಗಿ ಕಾಲು ಮುಟ್ಟಬೇಕು ಎಂಬುದು ಕೊಡವರಲ್ಲಿ ಕೂಸಿಗೂ ತಿಳಿದ ನಡೆ. ಅದನ್ನು ಮೀರಿದರೆ ಹೆಸರು ಕೆಡುವುದು ಒಬ್ಬನದಲ್ಲ, ಇಡೀ ಮನೆತನದ್ದು. ಅವನು ಇಳಿದು ಬಾಗಿದ, ಉಳಿದಿಬ್ಬರೂ ಬಾಗಿದರು. ಹರಸಿದ ಮೇಲೂ ಅಜ್ಜಿ ಕದಲಲಿಲ್ಲ. ಮೊಮ್ಮಗಳು ಗೇಟು ದಾಟುವವರೆಗೆ ನಿಂತೇ ಇದ್ದರು. ಆದ್ದರಿಂದ ಆ ಮೂವರೂ ನಿಂತೇ ಇರಬೇಕಾಯಿತು. ಅಂದಿನಿಂದ ಅಜ್ಜಿ ದಿನವೂ ಬಂದರು.

ಜುಲೈ ನಡುವಿನಲ್ಲಿ ಹಿಡಿಯುವ ಕಕ್ಕಡ ತಿಂಗಳ ಮಳೆಯಲ್ಲಿ ಅಜ್ಜಿಗೆ ಜ್ವರ ಬಂತು, ಎದೆಗೆ ಇಳಿಯಿತು. ಅವರು ಮತ್ತೆ ಆ ಓಣಿಗೆ ಬರಲಿಲ್ಲ. ಕಾವಲಿಲ್ಲದೆ ಕಳಿಸಲಾರೆನೆಂದು, ಮಗಳ ಹೆಸರು ತೆಗೆಸಲು ತಂದೆ ಒಂದು ಸೋಮವಾರ ಬೆಳಿಗ್ಗೆ ಶಾಲೆಗೆ ಬಂದರು. ಅಜ್ಜಿ ಹಾಸಿಗೆಯಿಂದಲೇ ಹಟ ಹಿಡಿದು ಹುಡುಗಿಯನ್ನೂ ಹೊರಡಿಸಿದ್ದರು. ತಂದೆಯೂ ನಾನೂ ಗೇಟಿನಲ್ಲಿ ನಿಂತು ನೋಡಿದೆವು. ಓಣಿಯ ತಿರುವಿನಲ್ಲಿ ಅವಳು ಒಬ್ಬಳೇ ಕಾಣಿಸಿಕೊಂಡಳು. ಮೂವರೂ ಗೋಡೆಯ ಮೇಲಿದ್ದರು.

ಅವಳು ಹತ್ತಿರವಾದಾಗ ಕೊಡೆ ಎಸೆದಿದ್ದವನೇ ಮೊದಲು ಇಳಿದ. ಉಳಿದವರೂ ಇಳಿದು ಗೋಡೆಗೆ ಒತ್ತಿ ನಿಂತರು. ಅವಳು ತಲೆಯೆತ್ತದೆ ನಡುದಾರಿಯಲ್ಲೇ ನಡೆದು ಗೇಟಿನೊಳಗೆ ಬಂದಳು.

ತಂದೆ ಹೆಡ್‌ಮಾಸ್ಟರರ ಕೋಣೆಗೆ ಹೋಗಲಿಲ್ಲ. "ಅವ್ವನಿಗೆ ಹೇಳಬೇಕು" ಎಂದಷ್ಟೇ ನುಡಿದು ಮನೆಯ ಕಡೆಗೆ ತಿರುಗಿದರು. ಅಂದು 1931ನೆಯ ಆಗಸ್ಟ್ 17.