ಕಿರೀಟಕ್ಕಿಂತ ಕಂಬಳಿ

ಕಾನ್ವೆಂಟಿನಲ್ಲಿ ಓದುವಾಗ ಪ್ರತಿ ಕ್ರಿಸ್‌ಮಸ್ ನಾಟಕದಲ್ಲೂ ನನಗೆ ಕುರಿಯ ಪಾತ್ರ. ಬಿಳಿ ದುಪ್ಪಟಿ ಹೊದ್ದು ಮಂಡಿಯೂರಿ, ದೇವದೂತೆಯಾದವಳ ಜರಿರೆಕ್ಕೆಯನ್ನೇ ನೋಡುತ್ತಿದ್ದೆ. ಅದಕ್ಕೇ ಇರಬೇಕು, ಹೋದ ದಸರಾ ರಜೆಯಲ್ಲಿ ಹಡಗಲಿಯ ನಮ್ಮ ಮನೆಯಲ್ಲಿ ಮಕ್ಕಳಿಗೆ ದೇವರ ವೇಷದ ಪಾರ್ಟಿ ಇಟ್ಟಾಗ, ಮಗಳನ್ನು ಲಕ್ಷ್ಮಿ ಮಾಡಲು ಎಂಟು ದಿನ ಕೂತು ಹೊಲಿದೆ. ನನ್ನ ಮದುವೆಯ ಗುಲಾಬಿ ರೇಷ್ಮೆ ಸೀರೆಗೆ ಕತ್ತರಿ ಹಾಕಿದೆ. ಥರ್ಮಾಕೋಲಿನ ಕಿರೀಟಕ್ಕೆ ಒಂದೊಂದೇ ಮಣಿ ಅಂಟಿಸಿದೆ. ಒಳ್ಳೆಯ ವೇಷಕ್ಕೆಂದು ಇಟ್ಟ ಬಹುಮಾನ ಯಾರಿಗಾದರೂ ಹೋಗಲಿ, ಅತ್ತೆ ನನ್ನ ಮಗಳನ್ನು ನೋಡಿ ಬೆರಗಾಗಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅವರ ಹೊಗಳಿಕೆಯೆಲ್ಲ ಯಾವಾಗಲೂ ನನ್ನ ನೆಗೆಣ್ಣಿಗೇ, ಅಂದರೆ ಮೈದುನನ ಹೆಂಡತಿಗೇ, ಹೋಗುತ್ತದೆ.

ಲಕ್ಷ್ಮಿ ಬಂದು ನಿಂತಳು. ಇಬ್ಬರು ಕೃಷ್ಣರು, ಮೂವರು ಶಿವರು, ಒಬ್ಬ ಹನುಮಂತ, ಓಣಿಯ ಮಕ್ಕಳೆಲ್ಲ ಬಾಯಿಬಿಟ್ಟು ನೋಡಿದರು. ಅತ್ತೆ ಕನ್ನಡಕ ಏರಿಸಿ ಅಂದರು:

“ಕಿರೀಟ ಜಾರಾಕತ್ತೈತಿ, ಒಂದು ಪಿನ್ನು ಹಾಕು.”

ಅಷ್ಟೇ.

ತಡವಾಗಿ ಬಂದ ನೆಗೆಣ್ಣಿ ತನ್ನ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದಳು. ಆ ಹುಡುಗಿ ಮೈಲಾರಲಿಂಗನ ಗೊರವಯ್ಯ ಆಗಿದ್ದಳು. ಕರಿ ಕಂಬಳಿಯ ಅಂಗಿ, ಕವಡೆಸರ, ಹಣೆ ತುಂಬ ಅರಿಶಿನದ ಭಂಡಾರ. ಕಂಬಳಿ ಅವಳ ತವರಿನದು, ಇನ್ನೂ ಕುರಿಹಟ್ಟಿಯ ವಾಸನೆ ಇತ್ತು. ಹುಡುಗಿ ಡಮರುಗ ಆಡಿಸಿ “ಏಳುಕೋಟಿ!” ಎಂದು ಮೈಲಾರನ ಜಯಘೋಷ ಕೂಗಿದ್ದೇ ತಡ, ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡರು. ಅಡುಗೆಮನೆಗೆ ಓಡಿ, ನಾನು ಪಾಯಸಕ್ಕೆ ಇಟ್ಟಿದ್ದ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಎಲ್ಲವನ್ನೂ ಬೋಗುಣಿಗೆ ಸುರಿದು ತಂದರು. ನಮ್ಮ ಕಡೆ ಗೊರವಯ್ಯ ಬಂದರೆ ಅವನ ದೋಣಿ, ಅಂದರೆ ಊಟದ ಬಟ್ಟಲು, ತುಂಬಿಸಬೇಕು. ಅವನು ಕೈ ತಾಗಿಸದೆ, ನಾಯಿಯಂತೆ ಬೊಗಳುತ್ತ, ಬಾಯಿ ಹಾಕಿ ತಿನ್ನಬೇಕು.

“ಅಯ್ಯ ಅತ್ತಿ, ಇದು ಬರೇ ವೇಷ ಐತ್ರಿ!” ನೆಗೆಣ್ಣಿ ಗಾಬರಿಯಾದಳು.

“ಸುಮ್ನಿರು ನೀನು. ಕಂಬಳಿ ಹೊತ್ತ ಮ್ಯಾಲೆ ಎಂಥಾ ವೇಷ?” ಎನ್ನುತ್ತ ಅತ್ತೆ ಆರು ವರ್ಷದ ಹುಡುಗಿಯ ಕಾಲಿಗೆ ಬಗ್ಗಿದರು.

ನಾನು ಮಗಳ ಕಿರೀಟ ಸರಿಪಡಿಸಿದೆ. ನಗುನಗುತ್ತಲೇ ಅಂದೆ, “ಗೊರವಯ್ಯ ಅಂದ್ರ ದೇವರಲ್ಲ, ಭಕ್ತ. ನಾವು ದೇವರ ವೇಷ ಅಂತ ಹೇಳಿದ್ವಿ.”

“ಹೌದೇನಕ್ಕಾ? ನನಗ ತಿಳೀಲಿಲ್ಲ ನೋಡ್ರಿ. ನಮಗ ಬಹುಮಾನ ಬ್ಯಾಡ ಬಿಡ್ರಿ.”

ಅವಳಿಗೆ ನಿಜಕ್ಕೂ ಬೇಡವಾಗಿತ್ತು. ನನಗೆ ಸಹಿಸಲಾಗದ್ದೇ ಅದು.

ಅಷ್ಟರಲ್ಲಿ ಹುಡುಗಿ ಮಂಡಿಯೂರಿ “ಬೌ!” ಎಂದು ಬೋಗುಣಿಗೆ ಬಾಯಿ ಹಾಕಿದಳು. ಹಿಂದೆಯೇ ಹನುಮಂತ, ಶಿವ, ಕೃಷ್ಣ. ನನ್ನ ಲಕ್ಷ್ಮಿ ಕಾಗದದ ಕಮಲ ಎಸೆದು, ರೇಷ್ಮೆಯನ್ನು ತೊಡೆಗೆ ಎತ್ತಿ ಕಟ್ಟಿ, ಎಲ್ಲರನ್ನೂ ನೂಕಿ ನಡುವೆ ತೂರಿದಳು. ಅವಳ ಬೊಗಳು ಓಣಿಯ ತುದಿಗೆ ಕೇಳಿಸಿತು.

ಅತ್ತೆ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಸೆರಗಿನಿಂದ ನನ್ನ ಮಗಳ ಗದ್ದ ಒರೆಸಿ, “ನೋಡ್ರಿ ನನ್ನ ಮೊಮ್ಮಗಳನ್ನ! ಇಕಿ ಖರೇ ಗೊರವಯ್ಯ!” ಎಂದರು.

ನಾನು ಬಯಸಿದ್ದ ಬೆರಗು ಅವರ ಮುಖದಲ್ಲಿತ್ತು. ಕಿರೀಟ ಹಾಲಿನಲ್ಲಿ ಬಿದ್ದಿತ್ತು. ಬಾಗಿ ಎತ್ತಿಕೊಂಡೆ, ಮಣಿಗಳು ಬೆರಳಿಗೆ ಅಂಟಿ ಬಂದವು. ಸೂಜಿ ಚುಚ್ಚಿದ ಬೆರಳುಗಳು.

ಮಗಳು ನನ್ನನ್ನು ದಾಟಿಕೊಂಡು ನೆಗೆಣ್ಣಿಯ ಹತ್ತಿರ ಓಡಿದಳು.

“ಚಿಕ್ಕಮ್ಮಾ, ನನಗೂ ಒಂದು ಕಂಬಳಿ ಅಂಗಿ ಹೊಲಿದು ಕೊಡ!”