ಟೇಪ್ ಕೀಳದ ಡಬ್ಬಿ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಾಗಿದ್ದೂ ಗಂಟೆಗಟ್ಟಲೆ ಕತ್ತು ಬಗ್ಗಿಸಿ ಪುಟ್ಟ ಪ್ಲಾಸ್ಟಿಕ್ ವಿಮಾನಗಳನ್ನು ಅಂಟಿಸುವ ಹುಚ್ಚು ನನಗೆ ಹೇಗೆ ಹತ್ತಿತೋ ದೇವರೇ ಬಲ್ಲ. ಮೈಸೂರಿನಲ್ಲಿರುವ ಅಕ್ಕ ಫೋನ್ ಮಾಡಿದಾಗಲೆಲ್ಲ, "ನಲವತ್ತು ದಾಟಿದ ಹೆಂಗಸು ಆಟದ ಸಾಮಾನು ಇಟ್ಕೊಂಡು ಕೂತಿದೀಯಲ್ಲೇ!" ಎಂದು ಛೇಡಿಸುತ್ತಾಳೆ. ಕೂತಿದ್ದರೆ ತಾನೇ!

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಕೋಲ್ಕತ್ತಾದ ಜಾದವ್‌ಪುರದ ನಮ್ಮ ಮನೆಯ ಹಾಲ್‌ನಲ್ಲಿ ಮಾಡೆಲ್ ಗುಂಪು ಸೇರುತ್ತದೆ. ಎಂಟು ಜನ. ವರ್ಷಕ್ಕೊಮ್ಮೆ ಗ್ರೂಪ್ ಬಿಲ್ಡ್. ಎಲ್ಲರೂ ಒಂದು ವಿಷಯ ಒಪ್ಪಿಕೊಂಡು, ಅದಕ್ಕೆ ಹೊಂದುವ ಒಂದೊಂದು ಕಿಟ್ಟನ್ನು ಒಂದೇ ದಿನ ಶುರು ಮಾಡಿ, ಎರಡು ತಿಂಗಳಲ್ಲಿ ಮುಗಿಸಿ, ಒಂದೇ ಮೇಜಿನ ಮೇಲೆ ತಂದಿಡಬೇಕು. ಗಡುವಿಲ್ಲದಿದ್ದರೆ ನಮ್ಮಂಥವರು ಕಿಟ್ ಕೊಂಡು ಅಟ್ಟಕ್ಕೆ ಹಾಕುತ್ತೇವೆಯೇ ಹೊರತು ಮಾಡುವುದಿಲ್ಲ. ನಿಯಮಗಳನ್ನು ಬರೆದವಳು ನಾನೇ. ವಿಷಯ ಗೊತ್ತು ಮಾಡುವ ದಿನ ಡಬ್ಬಿ ತಂದು ತೋರಿಸಬೇಕು. ಶುರುವಿನ ದಿನದವರೆಗೆ ಅದರ ಟೇಪ್ ಕೀಳಬಾರದು. ಒಬ್ಬರ ಕಿಟ್ಟಿಗೆ ಇನ್ನೊಬ್ಬರು ಕೈ ಹಾಕಬಾರದು.

ಗುಂಪಿನಲ್ಲಿ ಕನ್ನಡದವರು ನಾವಿಬ್ಬರೇ. ಇನ್ನೊಬ್ಬರು ಊರಿನ ಇನ್ನೊಂದು ತುದಿಯ ಬಾರಾನಗರದಲ್ಲಿ ಸಂಶೋಧನೆ ಮಾಡಿ, ನಿವೃತ್ತರಾದ ಮೇಲೂ ಅಲ್ಲೇ ಉಳಿದ ಧಾರವಾಡದ ಹಿರಿಯರು. ನಾನು ಅವರನ್ನು ಸರ್ ಎನ್ನುತ್ತೇನೆ, ಅವರಿಗೆ ನಾನು ತಂಗಿ.

ಜನವರಿಯ ಸಭೆಯಲ್ಲಿ ಎರಡಂತಸ್ತಿನ ರೆಕ್ಕೆಯ ಹಳೇ ವಿಮಾನಗಳು ಎಂದು ತೀರ್ಮಾನವಾಯಿತು. ಸರ್ ವಿದ್ಯಾರ್ಥಿಯಾಗಿದ್ದಾಗ ಕೊಂಡ ಅಂಥದೇ ಒಂದು ಕಿಟ್ ತಂದಿದ್ದರು. ಡಬ್ಬಿಯ ಬಣ್ಣ ಮಾಸಿತ್ತು, ಟೇಪ್ ಮಾತ್ರ ಗಟ್ಟಿಯಾಗಿತ್ತು. ಎಲ್ಲರೂ ಹೋದ ಮೇಲೆ ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳು ತನ್ನಷ್ಟಕ್ಕೆ ಅದುರುತ್ತಿತ್ತು.

"ಇದು ಬರಬರತಾ ಜಾಸ್ತಿನ ಆಗತದಂತ ಡಾಕ್ಟರ್ ಹೇಳ್ಯಾರ, ತಂಗಿ. ಈ ವರ್ಷ ಮಾಡಿದ್ರ ಮಾಡಿದಂಗ. ಎರಡೂ ರೆಕ್ಕಿ ನಡುವ ದಾರ ಕಟ್ಟೂದೈತಲ್ಲ, ಅಷ್ಟು ನನ್ನ ಕೈಲೆ ಆಗಬೇಕು. ಆಮ್ಯಾಲ ಎಷ್ಟರ ನಡುಗಲಿ."

"ಆಗತ್ತೆ ಸರ್. ಫೆಬ್ರವರಿಗೆ ಶುರು ಮಾಡೇಬಿಡೋಣ," ಎಂದೆ. ಸುಳ್ಳು ಹೇಳಲಿಲ್ಲ. ಆ ಗಳಿಗೆಯಲ್ಲಿ ನನಗೆ ಹಾಗೇ ಅನ್ನಿಸಿತ್ತು.

ಹತ್ತು ದಿನ ಕಳೆದಿರಲಿಲ್ಲ, ಆಫೀಸಿನಿಂದ ಬರುವ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು. ಕಿಟಕಿಯಾಚೆ ತುಕ್ಕು ಹಿಡಿದ ಟ್ರಾಮ್ ಹಳಿ. ತಲೆಗೆ ಹುಳ ಹೊಕ್ಕಿತು. ಕೋಲ್ಕತ್ತಾದಲ್ಲಿದ್ದುಕೊಂಡು, ಟ್ರಾಮ್ ಕಣ್ಣೆದುರೇ ಕಣ್ಮರೆಯಾಗುತ್ತಿರುವಾಗ, ನಾವು ಯಾವುದೋ ದೇಶದ ವಿಮಾನ ಮಾಡುವುದೇ? ಬಸ್ಸಿನಲ್ಲೇ ಗುಂಪಿಗೆ ಮೆಸೇಜ್ ಹಾಕಿದೆ. ಬಂಗಾಳಿ ಗೆಳೆಯರು ಕರಗಿಹೋದರು. ಮತ್ತೊಂದು ಸಭೆ ಕರೆದೆ.

ಆ ಸಭೆಗೂ ಸರ್ ಬಟ್ಟೆಚೀಲದಲ್ಲಿ ತಮ್ಮ ವಿಮಾನದ ಡಬ್ಬಿಯನ್ನೇ ಹಿಡಿದು ಬಂದರು. ಮೆಟ್ರೊದಲ್ಲಿ ಅಷ್ಟು ದೂರ, ಆಮೇಲೆ ಆಟೊದಲ್ಲಿ, ತೊಡೆಯ ಮೇಲಿಟ್ಟುಕೊಂಡು. "ಇದೇನ್ ಸರ್, ಟ್ರಾಮ್ ಅಲ್ವಾ?" ಎಂದರೆ, "ಇರಲಿ ಬಿಡವಾ, ನೀ ಮತ್ತ ಮನಸ್ಸು ಬದಲಿಸಿದ್ರ?" ಎಂದು ನಕ್ಕರು. ಎಲ್ಲರಿಗೂ ಬಂಗಾಳಿಯಲ್ಲಿ ಹೇಳಿ ಅವರನ್ನೂ ನಗಿಸಿದರು. ಶಿಂಗಾಡಾ, ಅಂದರೆ ಇಲ್ಲಿನ ಸಮೋಸ, ತಿನ್ನುತ್ತಾ ನಾನೂ ನಕ್ಕೆ.

ಟ್ರಾಮಿಗೆ ಸಿದ್ಧ ಕಿಟ್ ಸಿಗಲಿಲ್ಲ. ರಟ್ಟು ಕತ್ತರಿಸಿ ಮಾಡಬೇಕೆಂದಾಗ ಮೂವರು ಜಾರಿಕೊಂಡರು. ಏಪ್ರಿಲ್‌ನಲ್ಲಿ ನನಗೆ ಹೂಗ್ಲಿಯ ದೋಣಿಗಳು ಹೊಳೆದವು. ಅದಕ್ಕೊಂದು ಸಭೆ. ಆಮೇಲೆ ಯಾವ ಅಳತೆಯಲ್ಲಿ ಮಾಡಬೇಕೆಂದು ಜಗಳ. ಅಷ್ಟರಲ್ಲಿ ಮಳೆ ಹಿಡಿಯಿತು, ಈ ತೇವದಲ್ಲಿ ಬಣ್ಣ ಒಣಗುವುದಿಲ್ಲ ಎಂದು ನಾನೇ ಮುಂದಕ್ಕೆ ಹಾಕಿದೆ. ಒಂದು ವಿಷಯ ಗಟ್ಟಿಯಾಯಿತು ಅನ್ನುವಷ್ಟರಲ್ಲಿ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಇದಕ್ಕಿಂತ ಒಳ್ಳೆಯದು ಇನ್ನೊಂದು ಇರಬಹುದಲ್ಲ ಎಂಬ ತಹತಹ. ಸಭೆ ಸಭೆಗೂ ಆ ಡಬ್ಬಿ ಬರುತ್ತಿತ್ತು, ಹಾಗೇ ವಾಪಸ್ ಹೋಗುತ್ತಿತ್ತು.

ಜುಲೈನಲ್ಲಿ ಚಹಾ ಕೊಟ್ಟಾಗ ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸರ್, ನೀವು ಮನೇಲಿ ಶುರು ಮಾಡ್ಕೊಂಡುಬಿಡಿ," ಎಂದೆ.

"ಹಂಗ ಹ್ಯಾಂಗ? ನಿಯಮ ಬರದಾಕಿನ ನೀನು. ಒಬ್ಬನ ಕೂತು ಇಷ್ಟು ವರ್ಷದಾಗ ತೆರೀಲಿಲ್ಲ. ಎಲ್ಲಾರ ಜೋಡಿ ಕೂತರ ಆಗತದ. ಆಗಲಿ, ನಿನ್ನ ಆರಿಸೂದು ಮುಗೀಲಿ."

ದುರ್ಗಾಪೂಜೆ ಮುಗಿಯಿತು. ಸುತ್ತಿ ಸುತ್ತಿ ಮತ್ತೆ ಹಳೇ ವಿಮಾನಗಳಿಗೇ ಬಂದೆವು, ಜಾರಿಕೊಂಡಿದ್ದವರೂ ಸೇರಿ. ನವೆಂಬರಿನ ಭಾನುವಾರ ಎಂಟು ಡಬ್ಬಿಗಳು ಒಟ್ಟಿಗೆ ಮೇಜಿನ ಮೇಲೆ ಕೂತವು. ಸರ್ ಬ್ಲೇಡಿನಿಂದ ಟೇಪ್ ಕೊಯ್ದರು, ಗೆರೆ ಅಂಕುಡೊಂಕಾಯಿತು. ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟನ್ನು ಎತ್ತಿಕೊಂಡು, ರೆಕ್ಕೆಗಳ ನಡುವೆ ನಿಲ್ಲುವ ಕಡ್ಡಿಯೊಂದನ್ನು ಕತ್ತರಿಸಲು ಹೋದರು. ಕೈ ತಪ್ಪಿತು. ಟಕ್ ಎಂದು ಕಡ್ಡಿ ಎರಡು ತುಂಡಾಯಿತು. ಇನ್ನೊಂದು ಹಿಡಿದರು. ಅದೂ ಹೋಯಿತು. ಉಳಿದವರೆಲ್ಲ ತಮ್ಮ ತಮ್ಮ ಡಬ್ಬಿಯೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು.

ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಹತ್ತು ತಿಂಗಳು. ಆ ಮನುಷ್ಯ ಬಾಯಿಬಿಟ್ಟು ಕೇಳಿದ್ದರು, ನಾನು ಹೂಂ ಎಂದಿದ್ದೆ.

ಹಿಂದಿರುಗಿ, "ಸರ್, ನಾನು ಮಾಡಿಕೊಡ್ತೀನಿ," ಎಂದೆ.

"ಮತ್ತ ನಿಯಮ?"

"ನಿಯಮಕ್ಕೆ ಬೆಂಕಿ ಬೀಳ!"

ಅವರು ಮುರಿದ ಕಡ್ಡಿಗಳನ್ನು ನನ್ನತ್ತ ಸರಿಸಿದರು. "ಆತು. ಕೈ ನಿಂದು, ಮಾತು ನಂದು," ಎಂದರು.

ಎಂಟು ಭಾನುವಾರ ನಾನು ಬಾರಾನಗರಕ್ಕೆ ಹೋದೆ. ಅವರು ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. "ತಡಿ. ಅಂಟು ಒಣಗಲಿ." "ಇನ್ನೂ ತಡಿ." ನನ್ನ ಕಾಲು ಮೇಜಿನಡಿ ತಾಳ ಹಾಕುತ್ತಿತ್ತು, ಮನಸ್ಸು ಮುಂದಿನ ಭಾಗಕ್ಕೆ ಹಾರುತ್ತಿತ್ತು. ಮುರಿದ ಕಡ್ಡಿಗಳನ್ನು ಅಂಟಿಸಿ ಉಜ್ಜುವುದಕ್ಕೇ ಒಂದು ಭಾನುವಾರ ಹಿಡಿಯಿತು. ಕೊನೆಯ ಎರಡು ವಾರ ದಾರ. ಕೂದಲಿನಂಥ ದಾರವನ್ನು ಚಿಮುಟದಲ್ಲಿ ಹಿಡಿದು ತೂತಿಗೆ ಪೋಣಿಸುವಾಗ ಸರ್ ಅದುಮಿಟ್ಟಿದ್ದ ಕೈಯನ್ನು ಹೊರತೆಗೆದು, ಗಾಳಿಯಲ್ಲೇ ಅದೇ ದಾರ ಎಳೆಯುವಂತೆ ಬೆರಳು ಆಡಿಸುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಗಡುವಿನ ದಿನ ನಮ್ಮ ಹಾಲ್‌ನ ಮೇಜಿನ ಮೇಲೆ ಎಂಟೂ ವಿಮಾನಗಳು ನಿಂತವು. ಪ್ರತಿಯೊಂದರ ಮುಂದೆ ಒಂದು ಚೀಟಿ: ಮಾಡಿದವರು, ಶುರುವಾದ ದಿನ, ಮುಗಿದ ದಿನ. ಸರ್ ತಮ್ಮದನ್ನು ತಾವೇ ಬರೆದರು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಚೀಟಿಗಳನ್ನು ಜೋಡಿಸುತ್ತಿದ್ದ ಗೆಳತಿ, ಕಾಲೇಜಿನಲ್ಲಿ ಪಾಠ ಮಾಡುವವಳು, ಬಗ್ಗಿ ಓದಿ ಬಂಗಾಳಿಯಲ್ಲಿ ಕೇಳಿದಳು: "ದಾದಾ, ಶುರುವಾದ ದಿನ ತಪ್ಪಾಗಿದೆಯಲ್ಲ? ಹೋದ ವರ್ಷದ ಜನವರಿ ಅಂತ ಬರೆದಿದ್ದೀರಿ. ನಾವು ಡಬ್ಬಿ ತೆಗೆದದ್ದು ನವೆಂಬರಿನಲ್ಲಿ."

ಸರ್ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನಾ ಅವತ್ತ ಶುರು ಮಾಡಿದ್ದೆ, ತಂಗಿ," ಎಂದರು ಕನ್ನಡದಲ್ಲಿ. "ನೀನ ತಡಾ ಮಾಡಿದಿ."

ತಿದ್ದುವ ಅಧಿಕಾರ ನನ್ನದೆಂದು ಗೆಳತಿ ಪೆನ್ನನ್ನು ನನ್ನತ್ತ ಚಾಚಿದಳು. ನಾನು ಅದನ್ನು ತೆಗೆದುಕೊಂಡು ಮುಚ್ಚಳ ಹಾಕಿದೆ.

"ತಪ್ಪೇನಿಲ್ಲ," ಎಂದೆ. "ಅದೇ ದಿನ."